ಹಳೇ ಮುರಕಲ್ಲಿನ ಕೋರೆಯಲ್ಲಿ ವಾಚನಾಲಯ: ಡೆನ್ಮಾರ್ಕಿನ ‘ಬಿಗ್’ ಆಫೀಸಿನವರು ಬೆಳೆದದ್ದು ಹೇಗೆ, ಯಾರಿಗಾದರೂ ಗೊತ್ತಾ?

ಗೆರೆಮನೆ (ಬದಿಯಡ್ಕ):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ಬದಿಯಡ್ಕ ಪೇಟೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಮನೆಗಳ ಪ್ಲಾನ್ ಮಾಡುತ್ತೇನೆ. ಹನ್ನೊಂದು ವರ್ಷ ಆಯಿತು. ಗಲ್ಫಿನಲ್ಲಿ ಇರುವವರ ಮನೆ, ಅಡಿಕೆ ತೋಟದವರ ಮನೆ, ನಡುವೆ ಒಂದೆರಡು ಅಂಗಡಿ ಕಟ್ಟಡ. ಜಾಸ್ತಿ ಜನ ಬಂದ ಕೂಡಲೇ ಫೋನಿನಲ್ಲಿ ಒಂದು ಫೋಟೋ ತೋರಿಸುತ್ತಾರೆ. "ಎದುರು ಹೀಗೆ ಬರಬೇಕು" ಅನ್ನುತ್ತಾರೆ. ಹಿಂದೆ ಏನು ಬಂದರೂ ಅವರಿಗೆ ಅಡ್ಡಿಯಿಲ್ಲ. ಮೊದಲು ನಾವು ಇಬ್ಬರಿದ್ದೆವು, ನಾನು ಮತ್ತು ಕಾಲೇಜಿನ ಗೆಳೆಯ. ಹೋದ ದೀಪಾವಳಿಗೆ ಅವನು ಬೆಂಗಳೂರಿನ ಒಂದು ದೊಡ್ಡ ಕಂಪನಿ ಸೇರಿದ. ಜಗಳ ಏನಿಲ್ಲ. ಅವನ ಕುರ್ಚಿಯ ಮೇಲೆ ಈಗ ಟೈಲ್ಸ್ ಸ್ಯಾಂಪಲ್ ಇಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಸೋದರಮಾವ ಊರಿನ ವಾಚನಾಲಯಕ್ಕೆ 38 ಸೆಂಟ್ಸ್ ಜಾಗ ಕೊಡುತ್ತೇನೆ ಎಂದಿದ್ದಾರೆ. ಜಾಗ ಚೆನ್ನಾಗಿದೆ, ಬಸ್ಸು ನಿಲ್ಲುವಲ್ಲಿಂದ ಐದು ನಿಮಿಷ. ತೊಂದರೆ ಒಂದೇ. ಅದರಲ್ಲಿ ಅರ್ಧಕ್ಕರ್ಧ ಹಳೇ ಮುರಕಲ್ಲಿನ ಕೋರೆ. ಕಲ್ಲು ಕಡಿದು ಬಿಟ್ಟು ಹದಿನೈದು ವರ್ಷ ಆಗಿದೆ. ಸುಮಾರು ನೂರು ಅಡಿ ಉದ್ದ, ಎಂಬತ್ತು ಅಡಿ ಅಗಲ, ಹದಿನಾಲ್ಕು ಅಡಿ ಆಳ. ಗೋಡೆಗಳು ಬೆಣ್ಣೆ ಕೊಯ್ದ ಹಾಗೆ ನೇರವಾಗಿವೆ, ಮೆಶಿನಿನ ಗೆರೆ ಈಗಲೂ ಕಾಣುತ್ತದೆ. ಮೂಲೆಯಲ್ಲಿ ಒಂದು ಅತ್ತಿ ಮರ ಹುಟ್ಟಿಕೊಂಡಿದೆ.

ಸಮಿತಿಯವರು "ಮಣ್ಣು ತುಂಬಿಸಿ ಸಮ ಮಾಡುವಾ, ಆಮೇಲೆ ಪ್ಲಾನ್" ಅನ್ನುತ್ತಿದ್ದಾರೆ. ನಾನು ಲೆಕ್ಕ ಹಾಕಿದೆ. ಟಿಪ್ಪರಿನಲ್ಲಿ ಐನೂರು ಲೋಡು ದಾಟುತ್ತದೆ. ವಾಚನಾಲಯದ ಹತ್ತಿರ ಇರುವ ದುಡ್ಡು ಅದಕ್ಕೇ ಮುಗಿಯುತ್ತದೆ. ಪುಸ್ತಕದ ಕಪಾಟು ಆಕಾಶದ ಕೆಳಗೆ ಇಡಬೇಕು.

ಇದನ್ನು ಗೆಳೆಯನಿಗೆ ಹೇಳಿದೆ. ಅವನು ಏನೂ ಬರೆಯದೆ ಒಂದು ಫೋಟೋ ಕಳಿಸಿದ. ಡೆನ್ಮಾರ್ಕಿನಲ್ಲಿ ಹಡಗು ರಿಪೇರಿ ಮಾಡುವ ಒಂದು ಹಳೇ ಗುಂಡಿ, ಅದರ ಸುತ್ತ ನೆಲದಡಿಯಲ್ಲಿ ಮ್ಯೂಸಿಯಂ. ಮೇಲಿನಿಂದ ನೋಡಿದರೆ ಕಟ್ಟಡವೇ ಕಾಣುವುದಿಲ್ಲ. ಕೆಳಗೆ ಎರಡೇ ಶಬ್ದ: "ನಿನ್ನ ಕೋರೆ."

ಮಾಡಿದವರು ಬಿಗ್ ಅಂತೆ, ಬ್ಯಾರ್ಕೆ ಇಂಗೆಲ್ಸ್ ಎಂಬ ಆರ್ಕಿಟೆಕ್ಟರ ಆಫೀಸು. ವೀಡಿಯೋ ಹತ್ತಾರು ನೋಡಿದೆ. ಎಲ್ಲದರಲ್ಲೂ ಡ್ರೋನು, ಹಿಂದೆ ಪಿಯಾನೋ. ನನಗೆ ಬೇಕಾದದ್ದು ಅದಲ್ಲ. ಇಬ್ಬರಿಂದ ಶುರುವಾದ ಆಫೀಸು ನೂರಾರು ಜನರಿಗೆ ಹೋದದ್ದು ಹೇಗೆ? ಮೊದಲ ಕೆಲಸ ಕೊಟ್ಟವರು ಯಾರು? ಇಂಥ ಗುಂಡಿ ಕಂಡಾಗ ಅವರು ಹೇಗೆ ಯೋಚಿಸಿದರು? ಆ ಊರಲ್ಲಿ ಇದ್ದವರು, ನೋಡಿದವರು ಯಾರಾದರೂ ಇಲ್ಲಿ ಇದ್ದೀರಾ?

ಕುಂಬಳೆ ಕಡಲು:

ಅಣ್ಣಾ, ನಾನು ಆರ್ಕಿಟೆಕ್ಚರ್ ನಾಲ್ಕನೇ ವರ್ಷ. ನಮ್ಮ ಕ್ಲಾಸಿನಲ್ಲಿ ಅರ್ಧ ಜನರ ಲ್ಯಾಪ್‌ಟಾಪ್ ವಾಲ್‌ಪೇಪರ್ ಬಿಗ್‌ನವರದ್ದೇ. ಕಸ ಸುಡುವ ಕಾರ್ಖಾನೆಯ ಮಾಡಿನ ಮೇಲೆ ಸ್ಕೀ ಮಾಡುತ್ತಾರಲ್ಲ, ಅದು ಇವರದ್ದು. ಲೆಗೋ ಹೌಸ್ ಕೂಡ ಇವರದ್ದೇ. ಬಿಲ್ಲುಂಡ್ ಊರಲ್ಲಿ 2017ರಲ್ಲಿ ಆಯಿತು, 21 ಬಿಳಿ ಪೆಟ್ಟಿಗೆ ಒಂದರ ಮೇಲೊಂದು ಪೇರಿಸಿದ ಹಾಗಿದೆ. ಈಗ ಭೂತಾನದ ಗೆಲೆಫು ಎಂಬಲ್ಲಿ, ನಮ್ಮ ಅಸ್ಸಾಮಿನ ಗಡಿಗೆ ತಾಗಿ, ಒಂದು ಇಡೀ ಪಟ್ಟಣಕ್ಕೆ ನಕ್ಷೆ ಮಾಡುತ್ತಿದ್ದಾರೆ. ಅಲ್ಲಿನ ರಾಜರು 2023ರ ಡಿಸೆಂಬರಿನಲ್ಲಿ ಘೋಷಿಸಿದರು. ಜನವೂ ಓಡಾಡುವ, ಒಳಗೆ ಕೋಣೆಗಳೂ ಇರುವ ಸೇತುವೆಗಳು ಬರುತ್ತವಂತೆ.

ಆದರೆ ನಮ್ಮ ಮೇಡಂ ಬೈಯುತ್ತಾರೆ. "ಅವರ ಡಯಾಗ್ರಾಂ ನಕಲು ಮಾಡಬೇಡಿ, ಬಾಣದ ಗುರುತು ಹಾಕಿದ ಕೂಡಲೇ ಕಟ್ಟಡ ಆಗುವುದಿಲ್ಲ" ಎಂದು. ಪೆರ್ಲದ ಒಬ್ಬರು ಅಕ್ಕ ಕೋಪನ್‌ಹೇಗನ್ನಿನಲ್ಲಿ ಇದ್ದರು, ಹಿಂದೆ ಇಲ್ಲಿ ಕಿಟಕಿಯ ಬಗ್ಗೆ ಬರೆದಿದ್ದರು. ಅಕ್ಕಾ, ಇದ್ದೀರಾ?

ಪೆರ್ಲದವಳು:

ಇದ್ದೇನೆ, ಇದ್ದೇನೆ. ಅಡಿಕೆ ಸುಲಿಯುವ ಗಡಿಬಿಡಿಯಲ್ಲಿ ನೋಡಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಿಗ್‌ನಲ್ಲಿ ಇರಲಿಲ್ಲ. ಕೋಪನ್‌ಹೇಗನ್ನಿನಲ್ಲಿ ಎರಡು ವರ್ಷ ಎರಡು ತಿಂಗಳು ಇದ್ದೆ. ಒಂಬತ್ತು ಜನರ ಒಂದು ಆಫೀಸು. ಹಳೇ ಫ್ಲಾಟುಗಳಿಗೆ ಹೊಸ ಕಿಟಕಿ ಕೂರಿಸುವ ಕೆಲಸ. ದಿನವಿಡೀ ಕಿಟಕಿಯ ಚೌಕಟ್ಟು, ರಬ್ಬರು, ನೀರು ಇಳಿಯುವ ಅಂಚು, ಇದೇ ಬರೆಯುವುದು. ಬಾಡಿಗೆ ಕೋಣೆ ಅಮಾಗರ್ ಎಂಬಲ್ಲಿ. ಅಡಿಗೆಮನೆಯ ಕಿಟಕಿಯಿಂದ ಆ ಕಸದ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಡಿಸೆಂಬರಿನಲ್ಲಿ ಮೂರೂವರೆಗೆಲ್ಲ ಕತ್ತಲೆ. ಭಾನುವಾರ ಕೋಣೆಯಲ್ಲಿ ಕೂತರೆ ಅಳು ಬರುತ್ತಿತ್ತು. ಅದಕ್ಕೇ ಸೈಕಲ್ ಹತ್ತಿ ಕಟ್ಟಡ ನೋಡಲು ಹೋಗುತ್ತಿದ್ದೆ. ನನಗೆ ಗೊತ್ತಿರುವುದು ಹೀಗೆ ಸುತ್ತಿ ಗೊತ್ತಾದದ್ದು, ಮತ್ತೆ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಕೇಳಿದ್ದು. ಅಲ್ಲಿ ಎಲ್ಲರಿಗೂ ಬಿಗ್ ಬಗ್ಗೆ ಒಂದು ಅಭಿಪ್ರಾಯ ಇರುತ್ತದೆ. ಅರ್ಧ ಹೊಟ್ಟೆಕಿಚ್ಚು.

ಇಂಗೆಲ್ಸ್ ಹುಟ್ಟಿದ್ದು 1974ರಲ್ಲಿ, ಕೋಪನ್‌ಹೇಗನ್ನಿನಲ್ಲೇ. ರಾಟರ್‌ಡ್ಯಾಮಿನಲ್ಲಿ ಹೆಸರಾಂತ ಆರ್ಕಿಟೆಕ್ಟ್ ರೆಮ್ ಕೂಲ್ಹಾಸ್ ಅವರ ಓಎಂಎ ಆಫೀಸಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಬೆಲ್ಜಿಯಂನ ಜೂಲಿಯನ್ ಡಿ ಸ್ಮೆಟ್ ಜೊತೆಯಾದರು. ಇಬ್ಬರೂ ಸೇರಿ 2001ರಲ್ಲಿ ಕೋಪನ್‌ಹೇಗನ್ನಿನಲ್ಲಿ ‘ಪ್ಲಾಟ್’ ಅಂತ ಆಫೀಸು ಮಾಡಿದರು. ಅಣ್ಣಾ, ನಿಮ್ಮ ಹಾಗೆಯೇ ಎರಡು ಕುರ್ಚಿ.

ಅವರ ಮೊದಲ ಕೆಲಸಗಳಲ್ಲಿ ಒಂದು ಬಂದರಿನ ಈಜುಕೊಳ, ಇಸ್ಲಾಂಡ್ಸ್ ಬ್ರುಗೆ ಎಂಬಲ್ಲಿ, 2003ರದ್ದು. ಹಿಂದೆ ಕಾರ್ಖಾನೆ, ಚರಂಡಿ ಎಲ್ಲದರ ಕೊಳಕು ಸೇರುತ್ತಿದ್ದ ನೀರು ಅದು. ನಗರದವರು ವರ್ಷಗಟ್ಟಲೆ ಖರ್ಚು ಮಾಡಿ ಸ್ವಚ್ಛ ಮಾಡಿದ್ದರು. ಇವರು ಅದರ ಮೇಲೆ ಮರದ ತೇಲುವ ದಡ ಮಾಡಿದರು. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಯಬಹುದು. ಜೂನಿನಲ್ಲಿ ನಾನೂ ಇಳಿದೆ. ಎರಡು ನಿಮಿಷದಲ್ಲಿ ಕಾಲು ಮರಗಟ್ಟಿತು. ಪಕ್ಕದಲ್ಲಿ ಎಂಬತ್ತು ವರ್ಷದ ಅಜ್ಜಿಯೊಬ್ಬರು ಆರಾಮವಾಗಿ ತೇಲುತ್ತಿದ್ದರು.

ಆದರೆ ನಿಮ್ಮ ಕೋರೆಗೆ ನಿಜವಾಗಿ ಹತ್ತಿರದ ಕತೆ ಇನ್ನೊಂದು. ಅದು ವೀಡಿಯೋಗಳಲ್ಲಿ ಬರುವುದಿಲ್ಲ, ತೀರಾ ಸಣ್ಣ ಕಟ್ಟಡ. ಅಮಾಗರ್‌ನ ಕಡಲಂಚಿನಲ್ಲಿ ಮಕ್ಕಳ ದೋಣಿ ಮನೆ, 2004ರದ್ದು. ಜಾಗ ಕೊಟ್ಟರು, ಆದರೆ ಮಣ್ಣು ಕೆಟ್ಟಿತ್ತು. ಸೀಸದಂಥ ಲೋಹ ಸೇರಿದ ಮಣ್ಣು. ಬಜೆಟ್ಟಿನ ದೊಡ್ಡ ಪಾಲು ಮಣ್ಣು ತೆಗೆದು ಸಾಗಿಸುವುದಕ್ಕೇ ಇಟ್ಟಿದ್ದರು. ಇವರು ವಿಚಾರಿಸಿ ನೋಡಿದರೆ, ಆ ಲೋಹ ಇದ್ದಲ್ಲೇ ಇರುತ್ತದೆ, ಹರಡುವುದಿಲ್ಲ, ಮುಚ್ಚಿದರೆ ಸಾಕು ಅಂತ ಗೊತ್ತಾಯಿತು. ಹಾಗಾಗಿ ಮಣ್ಣು ಮುಟ್ಟಲಿಲ್ಲ. ಆ ದುಡ್ಡಿನಲ್ಲಿ ಇಡೀ ಜಾಗದ ಮೇಲೆ ಅಲೆಯ ಹಾಗೆ ಏರಿಳಿಯುವ ಮರದ ನೆಲ ಹಾಸಿದರು. ದೋಣಿ ಕ್ಲಬ್ಬಿನವರಿಗೆ ದೋಣಿ ಇಡಲು ಜಾಗ ಬೇಕಿತ್ತು, ಮಕ್ಕಳಿಗೆ ಓಡಲು ಜಾಗ ಬೇಕಿತ್ತು. ಅಲೆ ಎದ್ದಲ್ಲಿ ಕೆಳಗೆ ದೋಣಿ, ಮೇಲೆ ಮಕ್ಕಳು. ನಾನು ಹೋದ ದಿನ ಒಬ್ಬ ಹುಡುಗ ಆ ಇಳಿಜಾರಿನಲ್ಲಿ ಕುಂಡೆಯೂರಿ ಜಾರುತ್ತಿದ್ದ. ಅಲ್ಲೇ ಅರ್ಧ ಗಂಟೆ ಕೂತೆ. ಐನೂರು ಲೋಡು ಮಣ್ಣು ಅಂತ ನೀವು ಬರೆದದ್ದು ಓದಿದಾಗ ನನಗೆ ನೆನಪಾದದ್ದು ಈ ನೆಲ, ಮ್ಯೂಸಿಯಂ ಅಲ್ಲ.

ಇನ್ನು ಬೆಳೆದ ಕತೆ. 2004ರಲ್ಲಿ ವೆನಿಸ್ ಬಿಯನಾಲೆ ಎಂಬ ದೊಡ್ಡ ಆರ್ಕಿಟೆಕ್ಚರ್ ಪ್ರದರ್ಶನದಲ್ಲಿ ಪ್ಲಾಟ್‌ಗೆ ಗೋಲ್ಡನ್ ಲಯನ್ ಪ್ರಶಸ್ತಿ ಬಂತು. ನಾರ್ವೆಯ ಸ್ಟಾವೆಂಗರ್‌ಗೆ ಮಾಡಿದ ಸಂಗೀತ ಸಭಾಂಗಣದ ನಕ್ಷೆಗೆ. ಆ ಕಟ್ಟಡ ಕಟ್ಟಲೇ ಇಲ್ಲ! ಪ್ರಶಸ್ತಿಯಿಂದ ಹೆಸರು ಬರುತ್ತದೆ, ಸಂಬಳ ಬರುವುದಿಲ್ಲ. ಹೊಟ್ಟೆ ತುಂಬಿಸಿದ್ದು ಫ್ಲಾಟುಗಳು. ಓರೆಸ್ಟಾಡ್ ಅಂತ ನಗರದ ತುದಿಯಲ್ಲಿ ಹೊಸ ಬಡಾವಣೆ, ಮೆಟ್ರೋ ಹೋಗುತ್ತದೆ, ಸುತ್ತ ಬಯಲು. ಹೊಪ್‌ಫ್ನರ್ ಎಂಬ ಡೆವಲಪರ್ ಅಲ್ಲಿ ಇವರಿಗೆ ಕೆಲಸ ಕೊಟ್ಟರು. 2005ರಲ್ಲಿ ವಿಎಂ ಹೌಸಸ್ ಮುಗಿಯಿತು. ಚೂಪು ಮೂಗಿನ ಬಾಲ್ಕನಿಗಳು, ಹಡಗಿನ ಮುಂತುದಿಯ ಹಾಗೆ. ಅದೇ ಹೊತ್ತಿಗೆ ಇಬ್ಬರು ಗೆಳೆಯರು ಬೇರೆಯಾದರು. ಡಿ ಸ್ಮೆಟ್ ತನ್ನ ಹೆಸರಿನಲ್ಲಿ ಆಫೀಸು ಮಾಡಿದರು, ಇಂಗೆಲ್ಸ್ ಬಿಗ್ ಮಾಡಿದರು. ಅಂದರೆ ನಿಮ್ಮ ಕತೆಯಲ್ಲಿ ಗೆಳೆಯ ಹೋದ ಜಾಗದಲ್ಲೇ ಅವರ ಕತೆ ಶುರುವಾಗುವುದು.

ಡೆವಲಪರ್ ಮಾತ್ರ ಬಿಡಲಿಲ್ಲ, ಗಮನಿಸಿ. ವಿಎಂ ಪಕ್ಕದ ಜಾಗದಲ್ಲಿ ಮುಂದಿನ ಕೆಲಸ. ಮೂರನೇ ಎರಡು ಪಾಲು ಕಾರು ನಿಲ್ಲಿಸುವ ಜಾಗ, ಒಂದು ಪಾಲು ಮನೆ. ಬೇರೆಯವರಾದರೆ ಒಂದು ಪಾರ್ಕಿಂಗ್ ಡಬ್ಬ, ಪಕ್ಕದಲ್ಲಿ ಒಂದು ಫ್ಲಾಟಿನ ಡಬ್ಬ ಇಡುತ್ತಿದ್ದರು. ಇವರು ಪಾರ್ಕಿಂಗನ್ನೇ ಗುಡ್ಡದ ಹಾಗೆ ಇಳಿಜಾರು ಮಾಡಿ, ಅದರ ಮೇಲೆ 80 ಮನೆಗಳನ್ನು ನಮ್ಮ ಗದ್ದೆಯ ತಟ್ಟುಗಳ ಹಾಗೆ ಹಾಸಿದರು. ಪ್ರತಿ ಮನೆಗೂ ಎದುರು ಅಂಗಳ, ಬಿಸಿಲು. ಕೆಳಗೆ 480 ಕಾರು. 2008ರಲ್ಲಿ ಮುಗಿಯಿತು, ಹೆಸರೇ ಮೌಂಟನ್. ನನ್ನ ಕೇಳಿದರೆ ಬಿಸಿಲಿನ ಬದಿ ಸ್ವರ್ಗ. ಹಿಂಬದಿ ಮಾತ್ರ ಸುಮ್ನೆ ತೂತು ತೂತಿನ ಅಲ್ಯೂಮಿನಿಯಂ ಗೋಡೆ, ಅದರಲ್ಲಿ ಎವರೆಸ್ಟಿನ ಚಿತ್ರ. ಚಳಿಗಾಲದಲ್ಲಿ ಆ ಬದಿಯಲ್ಲಿ ನಡೆದವರಿಗೆ ಎವರೆಸ್ಟು ಚಿತ್ರದಲ್ಲಿ ಬೇಡ, ಗಾಳಿಯಲ್ಲೇ ಸಿಗುತ್ತದೆ.

ಮೂರನೆಯದು 8 ಹೌಸ್, 2010. ಮೆಟ್ರೋದ ಕೊನೇ ಸ್ಟೇಷನ್ ಹತ್ತಿರ. ಎಂಟರ ಆಕಾರ, 476 ಮನೆ. ನೆಲದಿಂದ ಹತ್ತನೇ ಮಹಡಿಯವರೆಗೆ ಇಳಿಜಾರು ದಾರಿ, ಸೈಕಲ್ ತುಳಿದುಕೊಂಡೇ ಹೋಗಬಹುದು. ನಾನು ಐದನೇ ಮಹಡಿಯಲ್ಲಿ ಇಳಿದು ದೂಡಿದೆ. ದಾರಿ ಜನರ ಮನೆ ಕಿಟಕಿಯ ಎದುರೇ ಹೋಗುತ್ತದೆ. ಒಬ್ಬಾಕೆ ಈರುಳ್ಳಿ ಹೆಚ್ಚುತ್ತಿದ್ದಳು, ಕಣ್ಣಿಗೆ ಕಣ್ಣು ಸೇರಿತು. ನಮ್ಮಲ್ಲಾದರೆ ಕರೆದು ಬೆಲ್ಲ ನೀರು ಕೊಡುತ್ತಿದ್ದರು. ಅವಳು ಪರದೆ ಎಳೆದಳು. ತಪ್ಪು ಅವಳದ್ದಲ್ಲ, ನನ್ನ ಹಾಗೆ ನೋಡಲು ಬರುವವರು ದಿನಕ್ಕೆ ಎಷ್ಟು ಜನವೋ.

ಮೂರು ಕಟ್ಟಡ, ಒಂದೇ ಬಡಾವಣೆ, ಒಬ್ಬರೇ ಡೆವಲಪರ್. ನಮ್ಮ ಆಫೀಸಿನ ಹಿರಿಯರು ಇದನ್ನೇ ಹೇಳುತ್ತಿದ್ದರು. ಬಿಗ್ ಬೆಳೆದದ್ದು ಮಾತಿನಿಂದ ಅಂತ ಹೊರಗಿನವರು ತಿಳಿಯುತ್ತಾರೆ, ಮೊದಲ ಬಾರಿ ನಂಬಿ ಕೊಟ್ಟವರು ಎರಡನೇ ಬಾರಿಯೂ ಬಂದದ್ದರಿಂದ ಬೆಳೆದದ್ದು ಎಂದು.

ಇನ್ನೊಂದು ಕೈ ಇದೆ. ಶೀಲಾ ಮೈನಿ ಸೊಗಾರ್ಡ್ ಅಂತ, 2008ರಲ್ಲಿ ಸೇರಿದರು. ಆರ್ಕಿಟೆಕ್ಟ್ ಅಲ್ಲ, ಲೆಕ್ಕ ವ್ಯವಹಾರದವರು. ಆಮೇಲೆ ಅವರೇ ಸಿಇಓ ಆದರು. ಜೊತೆಗೆ ಒಳಗೇ ದುಡಿಯುತ್ತಿದ್ದ ಕೆಲವರನ್ನು ಪಾಲುದಾರರನ್ನಾಗಿ ಮಾಡಿಕೊಂಡರು. ಅಣ್ಣಾ, ನಿಮಗೆ ಬರಬೇಕಾದ ಬಾಕಿ ಎಷ್ಟಿದೆ? ಅದನ್ನು ಕೇಳಲು ಫೋನ್ ಮಾಡುವವರು ಯಾರು? ನೀವೇ ಅಲ್ವಾ? ಆ ಫೋನ್ ಮಾಡಿದ ದಿನ ಪೆನ್ಸಿಲ್ ಹಿಡಿಯಲು ಮನಸ್ಸು ಬರುತ್ತದಾ?

ನ್ಯೂಯಾರ್ಕಿನ ಕತೆ ಚುಟುಕಾಗಿ ಹೇಳುತ್ತೇನೆ. ಅಲ್ಲಿನ ಡರ್ಸ್ಟ್ ಎಂಬ ಕಟ್ಟಡ ವ್ಯಾಪಾರದ ಮನೆತನದವರು ಕೆಲಸ ಕೊಟ್ಟರು, 2010ರಲ್ಲಿ ಅಲ್ಲಿ ಆಫೀಸು ತೆರೆದರು. ಹಡ್ಸನ್ ನದಿಯ ಹತ್ತಿರ 709 ಫ್ಲಾಟುಗಳ ವಯಾ 57 ವೆಸ್ಟ್, 2016ರಲ್ಲಿ ಮುಗಿಯಿತು. ಕೋಪನ್‌ಹೇಗನ್ನಿನ ನಾಲ್ಕು ಬದಿ ಮನೆ, ನಡುವೆ ಅಂಗಳ, ಅದನ್ನೇ ಒಂದು ಮೂಲೆ ಹಿಡಿದು ಆಕಾಶಕ್ಕೆ ಎಳೆದ ಹಾಗೆ. ತೊಟ್ಟಿಮನೆಯ ಒಂದು ಮೂಲೆಯನ್ನು ಎಳೆದು ನೋಡಿ, ಅದೇ. ಆಮೇಲೆ ಲಂಡನ್, ಬಾರ್ಸಿಲೋನಾ ಎಲ್ಲ ಕಡೆ ಆಫೀಸು. ಈಗ 700 ಜನ ದಾಟಿದ್ದಾರೆ. 2023ರಲ್ಲಿ ಕೋಪನ್‌ಹೇಗನ್ನಿನ ನಾರ್ಡ್‌ಹಾವ್ನ್ ಬಂದರಿನಲ್ಲಿ ಏಳು ಮಹಡಿಯ ಸ್ವಂತ ಆಫೀಸು ಕಟ್ಟಿಕೊಂಡರು.

ಎಲ್ಲ ಚಂದ ಅಂತಲೂ ಅಲ್ಲ. 2020ರ ಜನವರಿಯಲ್ಲಿ ಇಂಗೆಲ್ಸ್ ಬ್ರೆಜಿಲ್ಲಿಗೆ ಹೋಗಿ ಆಗಿನ ಕಟ್ಟಾ ಬಲಪಂಥೀಯ ಅಧ್ಯಕ್ಷ ಬೋಲ್ಸೊನಾರೊ ಅವರನ್ನು ಕಂಡು ಬಂದಾಗ ಎಲ್ಲ ಕಡೆಯಿಂದ ಬೈಗುಳ. ಇಷ್ಟು ಜನರ ಸಂಬಳ ಹೊರಬೇಕಾದರೆ ಯಾರ ಬಾಗಿಲು ತಟ್ಟಬೇಕು, ಯಾರದ್ದು ಬೇಡ ಅನ್ನುವುದು ಕಷ್ಟ ಆಗುತ್ತದೆ ಅಂತ ನನ್ನ ಅನಿಸಿಕೆ. ಕಸದ ಕಾರ್ಖಾನೆಯೂ ಹಾಗೆ. 2017ರಲ್ಲಿ ಉರಿ ಹಚ್ಚಿದರು, ಸ್ಕೀ ಇಳಿಜಾರು 2019ರಲ್ಲಿ ತೆರೆಯಿತು. 85 ಮೀಟರ್ ಎತ್ತರ. ಮೇಲೆ ಹತ್ತಿದರೆ ಊರೆಲ್ಲ ಕಾಣುತ್ತದೆ, ಬಹಳ ಖುಷಿ. ಆದರೆ ಅಷ್ಟು ದೊಡ್ಡ ಒಲೆಗೆ ಊರಿನ ಕಸ ಸಾಲದೆ ಹೊರದೇಶದ ಕಸ ತರಿಸಬೇಕಾಯಿತು. ಚಿಮಣಿಯಿಂದ ಹೊಗೆಯ ಬಳೆ ಬಿಡುತ್ತೇವೆ ಎಂದಿದ್ದರು. ನಾನು ಎರಡು ವರ್ಷ ಕಿಟಕಿಯಲ್ಲಿ ಕಾದೆ. ಒಂದು ಬಳೆಯೂ ಬರಲಿಲ್ಲ.

ಈಗ ನಿಮ್ಮ ಗೆಳೆಯ ಕಳಿಸಿದ ಫೋಟೋ. ಹೆಲ್ಸಿಂಗೋರ್ ಊರು, ರೈಲಿನಲ್ಲಿ ಮುಕ್ಕಾಲು ಗಂಟೆ. ಕ್ರೋನ್‌ಬೋರ್ಗ್ ಕೋಟೆ ಪಕ್ಕದಲ್ಲೇ ಇದೆ, ಯುನೆಸ್ಕೋ ಪಟ್ಟಿಯಲ್ಲಿರುವ ಕೋಟೆ. ಅದಕ್ಕೆ ಅಡ್ಡ ಬರುವಂತೆ ನೆಲದ ಮೇಲೆ ಏನೂ ಏಳಬಾರದು. ಮ್ಯೂಸಿಯಂ ಹಳೇ ಹಡಗುಕಟ್ಟೆಯ ಗುಂಡಿಯೊಳಗೆ ಬರಲಿ ಎಂಬುದು ಮೊದಲ ಯೋಜನೆ. ಸುಮಾರು 150 ಮೀಟರ್ ಉದ್ದ, 25 ಮೀಟರ್ ಅಗಲದ ಗುಂಡಿ. ಬಿಗ್‌ನವರು ಗುಂಡಿಯನ್ನು ಖಾಲಿ ಬಿಟ್ಟು, ಮ್ಯೂಸಿಯಮನ್ನು ಅದರ ಗೋಡೆಯ ಆಚೆ ಬದಿಗೆ, ನೆಲದಡಿಯಲ್ಲಿ ಸುತ್ತ ಇಟ್ಟರು. ಗುಂಡಿಗೆ ಅಡ್ಡಲಾಗಿ ಮೂರು ಸೇತುವೆ. 2013ರಲ್ಲಿ ತೆರೆಯಿತು. ಕೆಳಗೆ ಇಳಿದು ನಿಂತಾಗ ಮೊದಲು ಗೊತ್ತಾಗುವುದು ಗಾಳಿ ನಿಂತದ್ದು. ಮೇಲೆ ಕಿವಿ ಹರಿಯುವ ಕಡಲ ಗಾಳಿ. ಕೆಳಗೆ ಕಾಂಕ್ರೀಟಿನ ಹಳೇ ಗೋಡೆ, ಕಲೆ, ಒರಟು, ಒಂದನ್ನೂ ಉಜ್ಜಿಲ್ಲ. ಅಲ್ಲಿ ಹಡಗು ಇಲ್ಲ, ಆದರೆ ಹಡಗು ಎಷ್ಟು ದೊಡ್ಡದಿತ್ತು ಎಂದು ಮೈಗೆ ಗೊತ್ತಾಗುತ್ತದೆ.

ನಿಮ್ಮ ಸಮಿತಿಯಲ್ಲಿ ತಾಳಮದ್ದಳೆಯವರು ಇದ್ದಾರಾ? ಕೋರೆಯ ಒಳಗೆ ಅವರನ್ನು ಒಮ್ಮೆ ಕೂರಿಸಿ ನೋಡಿ. ಕೋಣೆಗಳನ್ನು ಮೇಲೆ ಅಂಚಿನಲ್ಲಿ ಮಾಡಿ. ಗುಂಡಿ ಗುಂಡಿಯೇ ಇರಲಿ.

ಮಂಜೇಶ್ವರದ ನಿವೃತ್ತ:

ಪೆರ್ಲದ ತಂಗಿ ಚಂದ ಬರೆದಿದ್ದಾಳೆ. ನಾನು ಮೂವತ್ತೊಂದು ವರ್ಷ ಸರ್ಕಾರಿ ಇಂಜಿನಿಯರ್ ಆಗಿ ಕಾಸರಗೋಡು ಜಿಲ್ಲೆಯ ರಸ್ತೆ, ಶಾಲೆ, ತಡೆಗೋಡೆ ಕಟ್ಟಿಸಿದವನು. ನನಗೆ ಗೊತ್ತಿರುವುದು ನೀರು ಮಾತ್ರ.

ಕೋಪನ್‌ಹೇಗನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಆರೇಳುನೂರು ಮಿಲಿಮೀಟರ್. ನಮ್ಮಲ್ಲಿ ಮೂರೂವರೆ ಸಾವಿರ. ಅದೂ ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲಿ. ಅವರ ಹುಲ್ಲಿನ ಮಾಡು, ಮರದ ಅಂಗಳ ಇಲ್ಲಿ ತಂದರೆ ಆಟಿ ತಿಂಗಳಲ್ಲಿ ಅಣಬೆ ಕೊಯ್ಯಬಹುದು.

ಕೋರೆಯ ವಿಷಯ. ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು ಇರುತ್ತದೆ. ಬಿಳಿ, ನುಣ್ಣಗೆ, ಒದ್ದೆಯಾದರೆ ಸಾಬೂನು. ಕಲ್ಲು ಕಡಿದವರು ಶೇಡಿ ಕಾಣುವವರೆಗೆ ಕಡಿದಿದ್ದಾರಾ ನೋಡಿ. ಕಡಿದಿದ್ದರೆ ಗೋಡೆಯ ಬುಡ ಶೇಡಿಯ ಮೇಲೆ ನಿಂತಿದೆ ಎಂದು ಅರ್ಥ. ಮೇಲಿನ ಐದಾರು ಅಡಿ ಕಲ್ಲು ಗಟ್ಟಿ ಇದ್ದರೂ ಬುಡ ಜಾರಿದರೆ ಎಲ್ಲ ಜಾರುತ್ತದೆ. ಅಂಚಿನಲ್ಲಿ ಕೋಣೆ ಎಂದು ತಂಗಿ ಹೇಳಿದಳು. ಹದಿನಾಲ್ಕು ಅಡಿ ಆಳದ ಗುಂಡಿಯಾದರೆ ಅಂಚಿನಿಂದ ಹದಿನಾಲ್ಕು ಅಡಿ ಬಿಟ್ಟು ಪಂಚಾಂಗ (ಅಡಿಪಾಯ) ಹಾಕಿ. ಅದಕ್ಕಿಂತ ಹತ್ತಿರ ನಾನಂತೂ ಬರೆದು ಕೊಡುವುದಿಲ್ಲ.

ಗುಂಡಿಯ ತಳಕ್ಕೆ ಕಾಂಕ್ರೀಟ್ ಹಾಕಿ ನೀರು ಬಾರದ ಹಾಗೆ ಮುಚ್ಚುತ್ತೇನೆ ಎಂದು ಹೊರಡಬೇಡಿ. ಖಾಲಿ ಸಂಪ್ ಮಳೆಗಾಲದಲ್ಲಿ ಮಣ್ಣಿನಿಂದ ಎದ್ದು ಬಂದದ್ದು ನಾನು ಕಣ್ಣಾರೆ ನೋಡಿದ್ದೇನೆ. ಕೆಳಗಿನ ನೀರು ತಳ್ಳುತ್ತದೆ. ಕಡಲ ಬದಿಯ ಆ ಹಡಗಿನ ಗುಂಡಿಯೂ ಹಾಗೇ ಏಳಲು ನೋಡುತ್ತದೆ, ಅದನ್ನು ನೆಲದ ಆಳಕ್ಕೆ ಸರಳು ಇಳಿಸಿ ಹಿಡಿದು ಕಟ್ಟುತ್ತಾರೆ. ಆ ಸರಳಿನ ಖರ್ಚಿಗೆ ನಿಮ್ಮ ವಾಚನಾಲಯದ ಜೊತೆ ಪಂಚಾಯತನ್ನೂ ಮಾರಬೇಕು.

ಈ ಮಳೆಗಾಲ ಏನೂ ಮಾಡಬೇಡಿ. ಗೋಡೆಯ ಮೇಲೆ ಅಡಿ ಅಡಿಗೆ ಬಿಳಿ ಬಣ್ಣದ ಗೆರೆ ಎಳೆಯಿರಿ. ನೀರು ಎಲ್ಲಿಯವರೆಗೆ ಬರುತ್ತದೆ, ಮಳೆ ನಿಂತ ಮೇಲೆ ಎಷ್ಟು ದಿನದಲ್ಲಿ ಇಳಿಯುತ್ತದೆ, ಬರೆದಿಡಿ.

ಪೆರ್ಲದವಳು:

ಸರ್, ಒಪ್ಪಿದೆ. ಅಂಚಿನ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲ. ಹಡಗುಕಟ್ಟೆಗೆ ದಪ್ಪ ಕಾಂಕ್ರೀಟ್ ಗೋಡೆ ಮೊದಲೇ ಇತ್ತು. ಕೋರೆಗೆ ಇರುವುದು ಕಡಿದು ಉಳಿದ ಕಲ್ಲು. ಫೋಟೋದಲ್ಲಿ ಎರಡೂ ಒಂದೇ ಕಾಣುತ್ತದೆ.

ಒಂದೇ ಒಂದು ತಕರಾರು. ಮಳೆ ಅವರಿಗೂ ಗೊತ್ತು. 2011ರ ಜುಲೈ 2ರಂದು ಕೋಪನ್‌ಹೇಗನ್ನಿನಲ್ಲಿ ಎರಡು ಮೂರು ಗಂಟೆಯಲ್ಲಿ 150 ಮಿಲಿಮೀಟರ್ ಹತ್ತಿರ ಸುರಿಯಿತು. ಬೀದಿ, ನೆಲಮಾಳಿಗೆ ಎಲ್ಲ ಮುಳುಗಿತು. ಆಮೇಲೆ ಆ ನಗರದವರು ಎಷ್ಟೋ ಪಾರ್ಕುಗಳನ್ನು ಬೇಕೆಂದೇ ತಗ್ಗು ಮಾಡಲು ಹೊರಟರು. ಮಳೆ ಬಂದರೆ ಕೆರೆ, ಬಿಸಿಲಿದ್ದರೆ ಆಟದ ಬಯಲು. ಆದ್ದರಿಂದ ಕೋರೆಯಲ್ಲಿ ನೀರು ನಿಂತರೆ ನಾಲ್ಕು ತಿಂಗಳು ನಿಲ್ಲಲಿ. ತಾಳಮದ್ದಳೆ ಹೇಗೂ ಮಳೆಗಾಲದಲ್ಲಿ ಒಳಗೆ ಕೂತು ಮಾಡುವುದೇ ಅಲ್ವಾ. ಯಕ್ಷಗಾನದ ಆಟಕ್ಕೆ ಕೋರೆ, ತಾಳಮದ್ದಳೆಯ ಕೂಟಕ್ಕೆ ಕೋಣೆ.

ಕುಂಬಳೆ ಕಡಲು:

ಬೆಳೆಯುವ ಇನ್ನೊಂದು ದಾರಿ ಹೇಳಲಾ? ಅದೂ ಡೆನ್ಮಾರ್ಕಿನದ್ದೇ. ಹೆನ್ನಿಂಗ್ ಲಾರ್ಸೆನ್ ಆಫೀಸು 1959ರಲ್ಲಿ ಶುರುವಾದದ್ದು. ಸೌದಿಯ ರಿಯಾದ್‌ನಲ್ಲಿ ವಿದೇಶಾಂಗ ಸಚಿವಾಲಯ ಮಾಡಿದರು, 1984ರಲ್ಲಿ ಮುಗಿಯಿತು, 1989ರಲ್ಲಿ ಆರ್ಕಿಟೆಕ್ಚರಿಗೆ ಕೊಡುವ ಆಗಾ ಖಾನ್ ಪ್ರಶಸ್ತಿ ಬಂತು. ಹೊರಗೆ ಕೋಟೆಯಂಥ ಗೋಡೆ, ಒಳಗೆ ತಂಪು ಅಂಗಳ. ಬಿಸಿಲಿನ ಊರಿಗೆ ಗಾಜಿನ ಡಬ್ಬ ಒಯ್ಯಲಿಲ್ಲ. ಲಾರ್ಸೆನ್ 2013ರಲ್ಲಿ ತೀರಿಕೊಂಡರು. ಈಗ ಆ ಆಫೀಸು ರಾಂಬೋಲ್ ಎಂಬ ದೊಡ್ಡ ಇಂಜಿನಿಯರಿಂಗ್ ಕಂಪನಿಯ ಭಾಗ. ಅಂದರೆ ಆರ್ಕಿಟೆಕ್ಟರು ಕೊನೆಗೆ ಇಂಜಿನಿಯರ್ ಸರ್ ಕೈಗೆ ಬಂದರು. 😄

ಮಂಜೇಶ್ವರದ ನಿವೃತ್ತ:

ಬರಲೇಬೇಕು.

ಗೆರೆಮನೆ (ಬದಿಯಡ್ಕ):

ಎಲ್ಲರಿಗೂ ಉತ್ತರ ತಡವಾಯಿತು. ಮೇ ಕೊನೆಯಿಂದ ಜುಲೈ ನಡುವಿನವರೆಗೆ ಆದದ್ದು ಬರೆಯುತ್ತೇನೆ.

ಮಳೆ ಹಿಡಿಯುವ ಮೊದಲು ಒಂದು ಸಂಜೆ ಸಮಿತಿಯವರನ್ನು ಕೋರೆಗೆ ಇಳಿಸಿದೆ. ಏಣಿಯಲ್ಲಿ ಇಳಿಯಲು ಇಬ್ಬರು ಒಪ್ಪಲಿಲ್ಲ, ಮೇಲೆಯೇ ಕುರ್ಚಿ ಹಾಕಿ ಕೂತರು. ಭಾಗವತರು ಒಂದು ಪದ್ಯ ಹೇಳಿದರು. ಮೈಕಿಲ್ಲದೆ ಮೇಲಿನವರಿಗೆ ಪ್ರತಿ ಶಬ್ದ ಕೇಳಿತು. ಮದ್ದಳೆಯೂ ಚಂದ. ಚೆಂಡೆ ಬಾರಿಸಿದ ಕೂಡಲೇ ಎಲ್ಲ ಹಾಳು. ನಾಲ್ಕು ಗೋಡೆಗೂ ಬಡಿದು ತಿರುಗಿ ಬಂತು, ನಾಲ್ಕು ಚೆಂಡೆ ಆಯಿತು. ಭಾಗವತರು ಕಿವಿ ಮುಚ್ಚಿಕೊಂಡು "ಒಂದು ಬದಿ ಗೋಡೆಗೆ ಏನಾದರೂ ಹಬ್ಬಿಸಿ ಮಾರಾಯ್ರೇ" ಎಂದರು. ಕಾಳುಮೆಣಸು ಹಬ್ಬಿಸಬಹುದು ಎಂದು ನನ್ನ ಮಾವ. ಅವರಿಗೆ ಎಲ್ಲದರಲ್ಲೂ ಫಸಲು ಬೇಕು. ಆದರೆ ಮಣ್ಣು ತುಂಬಿಸುವ ಮಾತು ಆ ದಿನದ ನಂತರ ಯಾರೂ ಎತ್ತಲಿಲ್ಲ.

ಅಂಚಿನ ಅಳತೆಯನ್ನೂ ನೋಡಿದೆ. ಪೂರ್ವಕ್ಕೆ ಇಪ್ಪತ್ತೆರಡು ಅಡಿ ಇದೆ, ಹದಿನಾಲ್ಕು ಬಿಟ್ಟರೆ ಉಳಿಯುವುದು ಎಂಟು. ಅಲ್ಲಿ ಜಗಲಿ ಬಿಟ್ಟು ಬೇರೇನೂ ಆಗುವುದಿಲ್ಲ. ರಸ್ತೆಯ ಬದಿ, ಪಶ್ಚಿಮಕ್ಕೆ, ಐವತ್ತು ಅಡಿ ಸಿಗುತ್ತದೆ. ಹಾಗಾಗಿ ಸುತ್ತ ಕೋಣೆ ಎಂಬ ಚಿತ್ರ ಬಿಟ್ಟೆ. ಒಂದೇ ಬದಿ ಉದ್ದಕ್ಕೆ ಹಂಚಿನ ಮಾಡು, ಅದರ ಕಿಟಕಿಗಳೆಲ್ಲ ಕೋರೆಯ ಕಡೆಗೆ. ರಸ್ತೆಯ ಕಡೆ ಕಪಾಟು. ಇದನ್ನು ಗೆಳೆಯನಿಗೆ ಕಳಿಸಿದೆ. ರಾತ್ರಿ ಹನ್ನೆರಡೂವರೆಗೆ ತಿದ್ದಿ ವಾಪಸ್ ಕಳಿಸಿದ, ಮೆಟ್ಟಿಲು ಇರಬೇಕಾದ ಜಾಗ ಬದಲಿಸಿದ್ದಾನೆ. ಅವನದ್ದೇ ಸರಿ ಇದೆ.

ಪೆರ್ಲದ ಅಕ್ಕಾ, ಬಾಕಿಯ ಲೆಕ್ಕವನ್ನೂ ತೆಗೆದೆ. ಮೊತ್ತ ಇಲ್ಲಿ ಬರೆಯಲು ನಾಚಿಕೆ. ಜೆರಾಕ್ಸ್ ಅಂಗಡಿಯಲ್ಲಿ ಕೂರುವ ಹುಡುಗಿ ಬಿ.ಕಾಂ. ಮುಗಿಸಿದವಳು, ಈಗ ದಿನಕ್ಕೆ ಒಂದು ಗಂಟೆ ಮೇಲೆ ಬಂದು ಫೋನ್ ಮಾಡುತ್ತಾಳೆ. ಮೂರು ವಾರದಲ್ಲಿ ಎರಡು ಹಳೇ ಬಿಲ್ಲು ಬಂತು. ನಾನು ಕೇಳಿದಾಗ "ಮುಂದಿನ ತಿಂಗಳು" ಅನ್ನುತ್ತಿದ್ದವರು ಅವಳು ಮಲಯಾಳದಲ್ಲಿ ಕೇಳಿದಾಗ ಜಿ-ಪೇ ಮಾಡಿದರು.

ಇಂಜಿನಿಯರ್ ಸರ್, ನೀವು ಹೇಳಿದ ಹಾಗೆ ಬಿಳಿ ಗೆರೆ ಎಳೆದೆ. ಜೂನ್ ಕೊನೆಯ ಆ ದೊಡ್ಡ ಮಳೆಯಲ್ಲಿ ನೀರು ಮೂರೂವರೆ ಅಡಿಗೆ ಬಂತು. ನಡುವೆ ಮಳೆ ಬಿಟ್ಟ ನಾಲ್ಕು ದಿನದಲ್ಲಿ ಒಂದಡಿಗೆ ಇಳಿಯಿತು. ಮಕ್ಕಳು ಹಾಳೆಯ ದೋಣಿ ಬಿಟ್ಟಿದ್ದರು. ಎಲ್ಲ ದೋಣಿಗಳೂ ತೇಲಿ ತೇಲಿ ಈಶಾನ್ಯ ಮೂಲೆಗೇ ಹೋಗಿ ನಿಂತವು, ಅತ್ತಿ ಮರದ ಬುಡಕ್ಕೆ. ನೀರು ಅಲ್ಲೇ ಎಲ್ಲೋ ಇಳಿಯುತ್ತಿದೆ. ಅದೇ ಮೂಲೆಯಲ್ಲಿ ಗೋಡೆಯ ಬುಡದಲ್ಲಿ ಎರಡು ಗೇಣು ಅಗಲ ಬಿಳಿ ಮಣ್ಣು ಕಾಣುತ್ತಿದೆ. ಮುಟ್ಟಿದರೆ ಜಾರುತ್ತದೆ. ಶೇಡಿಯೇ ಇರಬೇಕು. ಒಳಗೆ ಹಳೇ ಸುರಂಗ ಇದ್ದಿರಬಹುದು ಎಂದು ಮಾವ ಹೇಳುತ್ತಾರೆ, ಅವರ ಅಜ್ಜ ನೀರಿಗೆ ತೋಡಿಸಿದ್ದಂತೆ, ಬಾಯಿ ಎಲ್ಲಿ ಎಂದು ಯಾರಿಗೂ ನೆನಪಿಲ್ಲ.

ಒಮ್ಮೆ ಬಂದು ನೋಡುತ್ತೀರಾ ಸರ್? ಬದಿಯಡ್ಕದಲ್ಲಿ ಬಸ್ಸಿಳಿದರೆ ನಾನು ಬೈಕ್ ತರುತ್ತೇನೆ.

ಮಂಜೇಶ್ವರದ ನಿವೃತ್ತ:

ಸುರಂಗ ಇದ್ದರೆ ಕತೆಯೇ ಬೇರೆ. ಅಲ್ಲಿಯವರೆಗೆ ಆ ಮೂಲೆಗೆ ಮಕ್ಕಳನ್ನು ಬಿಡಬೇಡಿ, ಹಗ್ಗ ಕಟ್ಟಿ.

ಭಾನುವಾರ ಒಂಬತ್ತೂವರೆ ಬಸ್ಸಿಗೆ ಬರುತ್ತೇನೆ. ಬೈಕ್ ಬೇಡ, ಆಟೋ ಹೇಳಿ. ಸೊಂಟ ನೋವು. ಒಂದು ಉದ್ದ ಕಬ್ಬಿಣದ ಸರಳು, ಟಾರ್ಚು, ಮತ್ತೆ ನಿಮ್ಮ ಮಾವ ಇರಲಿ.